ಮನೆಯಂಗಳ: ಹಿಟ್ಟು ತಿಗಣೆಯ ಬಾಧೆಯೂ ಮನೆಯೊಳಗಿನ ಎಚ್ಚರವೂ

ಮನೆಯ ಮುಂದೆ ಅಂಗಳ, ಹಿಂದೆ ಹಿತ್ತಲು ಇರುತ್ತಿದ್ದ ಕಾಲ ಪಟ್ಟಣಗಳಲ್ಲಿ ಬಹುಮಟ್ಟಿಗೆ ಮುಗಿದುಹೋಗಿದೆ. ಆದರೆ ಗಿಡ ಬೆಳೆಸುವ ಅಕ್ಕರೆ ನಮ್ಮ ಮನೆಗಳನ್ನು ಬಿಟ್ಟು ಹೋಗಿಲ್ಲ. ಪಡಸಾಲೆಯ ಮೂಲೆಯಲ್ಲಿ ಕ್ರೋಟನ್, ಕಿಟಕಿಯ ಕಂಬಿಗೆ ಹಬ್ಬಿಸಿದ ಮನಿ ಪ್ಲಾಂಟ್, ಮೆಟ್ಟಿಲ ಪಕ್ಕದಲ್ಲಿ ಡಿಫನ್‌ಬೇಕಿಯಾ, ಬಾಲ್ಕನಿಯ ಕುಂಡಗಳಲ್ಲಿ ದಾಸವಾಳ ಮತ್ತು ದೊಡ್ಡಪತ್ರೆ, ಹೀಗೆ ಪ್ರತಿಯೊಂದು ಮನೆಯಲ್ಲಿಯೂ ನಾಲ್ಕಾರು ಗಿಡಗಳು ಕಾಣಸಿಗುತ್ತವೆ. ಬೆಳಗಿನ ಪೂಜೆಗೆ ಹೂವು, ಮಗುವಿನ ನೆಗಡಿಗೆ ಎಲೆ, ಮನಸ್ಸಿಗೆ ಮುದ, ಮೂರನ್ನೂ ಇವು ಕೊಡುತ್ತವೆ.

ಈ ಗಿಡಗಳ ಎಲೆಯ ಸಂದಿಯಲ್ಲಿ ಒಂದು ದಿನ ಬಿಳಿಯ ಹತ್ತಿಯ ಚೂರಿನಂಥದೇನೋ ಕಾಣಿಸಿಕೊಳ್ಳುತ್ತದೆ. ಮೊದಲು ಅದನ್ನು ಧೂಳೆಂದೋ ಬೂಷ್ಟೆಂದೋ ಬಗೆಯುವುದುಂಟು. ಕೆಲವು ದಿನಗಳಲ್ಲಿ ಎಲೆ ಅಂಟಂಟಾಗುತ್ತದೆ. ಕುಂಡದ ಮೇಲೆ ಇರುವೆಗಳ ಸಾಲು ಹತ್ತತೊಡಗುತ್ತದೆ. ನೋಡುನೋಡುತ್ತಿರುವಂತೆ ಚಿಗುರು ಮುರುಟಿ ಗಿಡ ಸೊರಗುತ್ತದೆ. ಇದೇ ಹಿಟ್ಟು ತಿಗಣೆಯ ಬಾಧೆ. ಇದರ ನಿವಾರಣೆಯ ಬಗೆಯನ್ನು ಈ ತಿಂಗಳು ಓದುಗ ಬಂಧುಗಳ ಮುಂದಿಡಬಯಸುತ್ತೇವೆ.

ಇದರೊಂದಿಗೆ ಇನ್ನೊಂದು ಮಾತನ್ನೂ ಹೇಳಬೇಕಾಗಿದೆ. ನಮ್ಮಲ್ಲಿ ಅನೇಕ ಕುಟುಂಬಗಳಿಗೆ ಊರಿನಲ್ಲಿ ಹೊಲವಿದೆ, ಹೊಲಕ್ಕೆಂದು ತಂದ ಕ್ರಿಮಿನಾಶಕದ ಡಬ್ಬಿಯೂ ಇದೆ. ಕುಂಡದ ಗಿಡಕ್ಕೆ ಹುಳು ಬಿತ್ತೆಂದಾಗ ಆ ಡಬ್ಬಿಯಿಂದ ಸ್ವಲ್ಪ ಔಷಧಿಯನ್ನು ಹಳೆಯ ಬಾಟಲಿಯೊಂದರಲ್ಲಿ ಸುರಿದುಕೊಂಡು ಪಟ್ಟಣದ ಮನೆಗೆ ತರುವ ರೂಢಿ ಕೆಲವೆಡೆ ಇದೆ. ಈ ರೂಢಿ ನಿಲ್ಲಬೇಕೆಂಬುದೇ ಈ ಬರಹದ ಮುಖ್ಯ ಆಶಯ. ಹಿಟ್ಟು ತಿಗಣೆಯನ್ನು ಸೋಲಿಸಲು ಹೊಲದ ವಿಷ ಬೇಕಿಲ್ಲ. ಬೇಕಾದದ್ದು ಸಾಬೂನು, ನೀರು, ಬೇವಿನ ಎಣ್ಣೆ ಮತ್ತು ವಾರ ತಪ್ಪದ ನಿಗಾ.

ತಿಗಣೆಯ ಸ್ವಭಾವ

ಶತ್ರುವಿನ ಸ್ವಭಾವವನ್ನು ಅರಿಯದೆ ಹೋರಾಡಿದರೆ ಶ್ರಮವೆಲ್ಲ ವ್ಯರ್ಥವಾಗುವುದು. ಹಿಟ್ಟು ತಿಗಣೆ ಗಿಡದ ರಸ ಹೀರಿ ಬದುಕುವ ಮೆತ್ತನೆಯ ಮೈಯ ಕೀಟ. ಸೂಜಿಯಂತಹ ಬಾಯನ್ನು ಎಳೆಯ ಕಾಂಡಕ್ಕೋ ಎಲೆಯ ನರಕ್ಕೋ ಚುಚ್ಚಿ, ಒಂದೇ ಕಡೆ ಕುಳಿತು ರಸ ಹೀರುತ್ತದೆ. ಅದರ ಮೈಯಿಂದ ಒಸರುವ ಮೇಣವೇ ಹಿಟ್ಟು ಉದುರಿಸಿದಂತೆ ಬೆಳ್ಳಗೆ ಕಾಣುವುದು. ಹೆಸರು ಬಂದದ್ದೂ ಅದರಿಂದಲೇ. ಈ ಮೇಣ ಅದಕ್ಕೆ ಕವಚವಿದ್ದಂತೆ. ಬರಿಯ ನೀರಾಗಲಿ, ನೀರಿನಲ್ಲಿ ಕಲಸಿದ ಔಷಧಿಯಾಗಲಿ ಮೇಣದ ಮೇಲೆ ನಿಲ್ಲದೆ ಜಾರಿಹೋಗುತ್ತದೆ.

ಹೆಣ್ಣು ತಿಗಣೆಗೆ ರೆಕ್ಕೆಯಿಲ್ಲ. ಗಂಡು ರೆಕ್ಕೆಯುಳ್ಳ ಅತಿ ಸಣ್ಣ ಕೀಟ. ಬೆಳೆದ ಗಂಡಿಗೆ ಆಹಾರ ಸೇವಿಸುವ ಬಾಯಿಯೇ ಇಲ್ಲವಾದ್ದರಿಂದ ಅದು ಕೆಲವೇ ದಿನ ಬದುಕುತ್ತದೆ. ಆದುದರಿಂದ ನಮ್ಮ ಕಣ್ಣಿಗೆ ಬೀಳುವುದು ಹೆಣ್ಣು ಮತ್ತು ಮರಿಗಳು ಮಾತ್ರ. ಹಲವು ಜಾತಿಗಳಲ್ಲಿ ಹೆಣ್ಣು ಹತ್ತಿಯ ಉಂಡೆಯಂತಹ ಚೀಲವನ್ನು ಕಟ್ಟಿ ಅದರಲ್ಲಿ ನೂರಾರು ಮೊಟ್ಟೆಗಳನ್ನಿಡುತ್ತದೆ. ಕಿತ್ತಳೆ, ಕಾಫಿ ಮೊದಲಾದ ಗಿಡಗಳಿಗೂ ಕುಂಡದ ಗಿಡಗಳಿಗೂ ಬೀಳುವ ಒಂದು ಸಾಮಾನ್ಯ ಜಾತಿಯ ಹೆಣ್ಣು 300ರಿಂದ 600 ಮೊಟ್ಟೆಗಳನ್ನಿಡಬಲ್ಲದು. ಉದ್ದನೆಯ ಬಾಲದ ಇನ್ನೊಂದು ಜಾತಿ ನೇರವಾಗಿ ಮರಿಗಳನ್ನೇ ಹಾಕುತ್ತದೆ. ನಮ್ಮ ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯೊಡೆಯಲು ಸುಮಾರು ಒಂದು ವಾರ ಸಾಕು. ಸುಮಾರು ಒಂದು ತಿಂಗಳಲ್ಲಿ ಒಂದು ತಲೆಮಾರು ಮುಗಿದು ಮುಂದಿನದು ಸಿದ್ಧವಾಗಿರುತ್ತದೆ.

ಮೊಟ್ಟೆಯೊಡೆದು ಹೊರಬಂದ ಮರಿಗಳು ಹಳದಿಯ ಚುಕ್ಕೆಯಷ್ಟು ಸಣ್ಣವು. ಅವುಗಳ ಮೈಯ ಮೇಲೆ ಆಗ ಮೇಣ ಹೆಚ್ಚಾಗಿ ಬೆಳೆದಿರುವುದಿಲ್ಲ. ಗಿಡದಿಂದ ಗಿಡಕ್ಕೆ ಹರಿದಾಡುವುದೂ, ಗಾಳಿಯಲ್ಲಿ ತೇಲಿಹೋಗುವುದೂ, ನಮ್ಮ ಕೈ, ಸೆರಗು, ಕತ್ತರಿಗಳಿಗೆ ಅಂಟಿಕೊಂಡು ಸಾಗುವುದೂ ಈ ಮರಿಗಳೇ. ಸಾಬೂನಿಗೂ ಬೇವಿಗೂ ಬೇಗನೆ ಬಲಿಯಾಗುವುದೂ ಇವೇ. ಮೊಟ್ಟೆಗಳಾದರೋ ಹತ್ತಿಯ ಚೀಲದೊಳಗೆ ಭದ್ರವಾಗಿರುತ್ತವೆ. ಆದುದರಿಂದ ಒಮ್ಮೆ ಸಿಂಪಡಿಸಿ ಸುಮ್ಮನಾದರೆ ಉಳಿದ ಮೊಟ್ಟೆಗಳು ಮುಂದಿನ ವಾರ ಒಡೆದು ಬಾಧೆ ಮರುಕಳಿಸುತ್ತದೆ. ‘ಎಷ್ಟು ಔಷಧಿ ಹೊಡೆದರೂ ಹೋಗಲೊಲ್ಲದು’ ಎಂದು ಹಲವರು ಬೇಸರಪಡುವುದಕ್ಕೆ ಕಾರಣ ಇದು. ಔಷಧಿ ಸೌಮ್ಯವಾಯಿತೆಂದು ಭಾವಿಸಿ ಹೆಚ್ಚು ಘಾಟಿನದನ್ನು ಹುಡುಕುವ ಬದಲು, ಸೌಮ್ಯವಾದದ್ದನ್ನೇ ವಾರಕ್ಕೊಮ್ಮೆ ತಪ್ಪದೆ ಬಳಸುವುದು ಜಾಣತನ.

ಗುರುತಿಸುವ ಬಗೆ

ಎಲೆ ಕಾಂಡಕ್ಕೆ ಸೇರುವ ಮೂಲೆ, ಎಲೆಯ ತಳಭಾಗದ ನರಗಳ ಪಕ್ಕ, ಇನ್ನೂ ಬಿಚ್ಚಿಕೊಳ್ಳದ ಚಿಗುರಿನ ಒಳಗು, ಕುಂಡದ ಅಂಚಿನ ಕೆಳಗು, ಇವು ತಿಗಣೆ ಅಡಗುವ ತಾಣಗಳು. ಹೀರಿದ ರಸದಲ್ಲಿ ಹೆಚ್ಚಾದ ಸಕ್ಕರೆಯನ್ನು ಅದು ಸಿಹಿಯಾದ ಅಂಟಿನ ರೂಪದಲ್ಲಿ ಹೊರಹಾಕುತ್ತದೆ. ಎಲೆಯನ್ನು ಮುಟ್ಟಿದಾಗ ಬೆರಳು ಅಂಟಿದರೆ ಮೇಲಿನ ರೆಂಬೆಯನ್ನು ಪರೀಕ್ಷಿಸಬೇಕು. ಆ ಅಂಟಿನ ಮೇಲೆ ಕಾಡಿಗೆಯಂತಹ ಕಪ್ಪು ಬೂಷ್ಟು ಬೆಳೆದು ಎಲೆಗೆ ಬೆಳಕು ಬೀಳದಂತೆ ಮಾಡುತ್ತದೆ. ದಾಸವಾಳದ ಕುಡಿಗಳು ಗುಂಪುಗಟ್ಟಿ, ಎಲೆಗಳು ಸುಕ್ಕುಗಟ್ಟಿ ಗಂಟಿನಂತಾಗಿದ್ದರೆ ಅದು ಬಹುಮಟ್ಟಿಗೆ ದಾಸವಾಳದ ಗುಲಾಬಿ ಬಣ್ಣದ ಹಿಟ್ಟು ತಿಗಣೆಯ ಲಕ್ಷಣ.

ಮೇಲೆ ಏನೂ ಕಾಣದಿದ್ದರೂ ನೀರು ಗೊಬ್ಬರ ಸಿಕ್ಕ ಗಿಡ ಸೊರಗುತ್ತಿದ್ದರೆ ಕುಂಡದಿಂದ ಮಣ್ಣಿನ ಹೆಂಟೆಸಮೇತ ಮೆಲ್ಲನೆ ಹೊರತೆಗೆದು ಬೇರನ್ನು ನೋಡುವುದು ಒಳ್ಳೆಯದು. ಬೇರಿನ ಮೇಲೆಯೇ ವಾಸಿಸುವ ಹಿಟ್ಟು ತಿಗಣೆಗಳೂ ಉಂಟು. ಬೇರಿಗೂ ಕುಂಡದ ಒಳಮೈಗೂ ಬಿಳಿಯ ಪುಡಿ ಮೆತ್ತಿದಂತಿದ್ದರೆ ಸಂಶಯಪಡಬೇಕು.

ಇರುವೆಗಳಂತೂ ನಂಬಿಕಸ್ಥ ಸುಳಿವು. ಸಿಹಿ ಅಂಟಿನ ಆಸೆಗೆ ಇರುವೆಗಳು ತಿಗಣೆಗಳನ್ನು ನಾವು ಆಕಳನ್ನು ಸಾಕಿದಂತೆ ಸಾಕುತ್ತವೆ. ತಿಗಣೆಯನ್ನು ತಿನ್ನಲು ಬರುವ ಕೀಟಗಳನ್ನು ಓಡಿಸುತ್ತವೆ. ಮರಿಗಳನ್ನು ಹೊಸ ಕುಡಿಗೆ ಹೊತ್ತೊಯ್ಯುವುದೂ ಉಂಟು. ಇರುವೆಯನ್ನು ತಡೆದರೆ ಅರ್ಧ ಕೆಲಸ ಆದಂತೆಯೇ.

ಹೊಲದ ಔಷಧಿ ಮನೆಗೆ ಏಕೆ ಸಲ್ಲದು?

ಹೊಲದಲ್ಲಿ ಬಳಸುವ ಕ್ರಿಮಿನಾಶಕಗಳನ್ನು ಬಯಲಿನ ಗಾಳಿಗೆ, ಎಕರೆಯ ಲೆಕ್ಕಕ್ಕೆ, ನಿರ್ದಿಷ್ಟ ಬೆಳೆಗೆ ಹೊಂದುವಂತೆ ತಯಾರಿಸಿರುತ್ತಾರೆ. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವೇ ಅದರ ವಿಷದ ಮಟ್ಟವನ್ನು ಸಾರುತ್ತದೆ. ಕೆಂಪು ಅತ್ಯಂತ ಅಪಾಯಕರ. ನಂತರದ ಸ್ಥಾನ ಹಳದಿ, ನೀಲಿ, ಹಸಿರುಗಳದು. ಅಳತೆಯ ಹನಿ ಹೆಚ್ಚುಕಡಿಮೆಯಾದರೂ, ಮುಚ್ಚಿದ ಕೋಣೆಯಲ್ಲಿ ಸಿಂಪಡಿಸಿದರೆ ಅದರ ಆವಿ ತೊಟ್ಟಿಲ ಕೂಸಿನಿಂದ ಹಿಡಿದು ವೃದ್ಧರವರೆಗೆ ಎಲ್ಲರ ಉಸಿರಿಗೂ ಸೇರುತ್ತದೆ.

ಇವುಗಳಲ್ಲಿ ಕೆಲವು ಗಿಡದ ರಸದೊಳಗೇ ಸೇರಿ ಎಲೆ, ಮೊಗ್ಗುಗಳಿಗೆ ಹರಿಯುವಂಥವು. ಅಂಥದ್ದನ್ನು ಹಾಕಿದ ಮೇಲೆ ಎಲೆಯನ್ನು ಎಷ್ಟು ತೊಳೆದರೂ ಒಳಗಿನ ವಿಷ ಹೋಗದು. ಕುಂಡದಲ್ಲಿರುವುದು ಬರಿಯ ಅಲಂಕಾರದ ಗಿಡವಾಗಿದ್ದರೂ ಅದರ ಪಕ್ಕದಲ್ಲೇ ಕಷಾಯದ ದೊಡ್ಡಪತ್ರೆ, ಒಗ್ಗರಣೆಯ ಕರಿಬೇವು, ಪೂಜೆಯ ಬುಟ್ಟಿಗೆ ಹೋಗುವ ಹೂವು ಇರುತ್ತವೆಂಬುದನ್ನು ಮರೆಯಲಾಗದು.

ಎಲ್ಲಕ್ಕಿಂತ ದೊಡ್ಡ ಅಪಾಯವಿರುವುದು ಗುರುತಿಲ್ಲದ ಬಾಟಲಿಯಲ್ಲಿ. 2013ರ ಜುಲೈ ತಿಂಗಳಿನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಬಿಸಿಯೂಟ ಉಂಡ 23 ಮಕ್ಕಳು ಅಸುನೀಗಿದರು. ಅಡುಗೆಗೆ ಬಳಸಿದ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕ್ರಿಮಿನಾಶಕ ಸೇರಿದ್ದುದು ಪ್ರಯೋಗಾಲಯದ ಪರೀಕ್ಷೆಯಿಂದ ತಿಳಿದುಬಂದಿತು. ವಿಷ ಅಡುಗೆಮನೆಯ ಸಮೀಪಕ್ಕೆ ಬಂದರೆ ಆಗುವುದೇನೆಂಬುದಕ್ಕೆ ಇದಕ್ಕಿಂತ ಕಠಿಣವಾದ ಪಾಠ ಬೇಕಿಲ್ಲ. ಹೊಲದ ಔಷಧಿ ಹೊಲದಲ್ಲಿಯೇ, ಅದರದೇ ಡಬ್ಬಿಯಲ್ಲಿ, ಬೀಗದೊಳಗೆ ಇರಲಿ. ತಂಪು ಪಾನೀಯದ ಬಾಟಲಿಗೋ ಎಣ್ಣೆಯ ಶೀಸೆಗೋ ಅದನ್ನು ಎಂದಿಗೂ ಸುರಿಯಬಾರದು. ಬರಿದಾದ ಔಷಧಿಯ ಡಬ್ಬಿಯನ್ನು ನೀರು ತುಂಬಲು ಸಹ ಬಳಸಬಾರದು.

ಮನೆಯಲ್ಲಿಯೇ ಮಾಡುವ ನಿವಾರಣೆ

ಮೊದಲನೆಯದಾಗಿ, ಬಾಧೆ ಕಂಡ ಗಿಡವನ್ನು ಉಳಿದವುಗಳಿಂದ ಬೇರೆಯಿರಿಸಿರಿ. ಎಲೆಗೆ ಎಲೆ ತಾಗುವಂತಿದ್ದರೆ ಮರಿಗಳು ಸುಲಭವಾಗಿ ದಾಟುತ್ತವೆ. ಆ ಗಿಡವನ್ನು ಮುಟ್ಟಿದ ಕೈಯನ್ನೂ ಕತ್ತರಿಯನ್ನೂ ತೊಳೆದ ಮೇಲೆಯೇ ಇನ್ನೊಂದನ್ನು ಮುಟ್ಟಬೇಕು.

ಎರಡನೆಯದಾಗಿ, ಹೆಚ್ಚು ಕೆಟ್ಟ ಕುಡಿ, ಎಲೆಗಳನ್ನು ಕತ್ತರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿರಿ. ಅವನ್ನು ಗೊಬ್ಬರದ ಗುಂಡಿಗೆ ಹಾಕುವುದು ಬೇಡ. ನಂತರ ಗಿಡವನ್ನು ಬಚ್ಚಲಿಗೋ ಅಂಗಳಕ್ಕೋ ಒಯ್ದು, ಕುಂಡದ ಬಾಯಿಗೆ ಚೀಲ ಕಟ್ಟಿ, ಎಲೆಯ ತಳಭಾಗಕ್ಕೆ ನೀರನ್ನು ರಭಸವಾಗಿ ಹಾಯಿಸಿರಿ. ಹೀಗೆ ಮಾಡುವುದರಿಂದಲೇ ಬಹಳಷ್ಟು ತಿಗಣೆಗಳು ಉದುರಿಹೋಗುತ್ತವೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಾಂಡದ ಸಂದಿಗಳನ್ನು ಮೃದುವಾಗಿ ಉಜ್ಜಬಹುದು.

ಮೂರನೆಯದಾಗಿ, ಉಳಿದುಕೊಂಡ ಬಿಳಿಯ ಉಂಡೆಗಳನ್ನು ಒಂದೊಂದಾಗಿ ಒರೆಸಬೇಕು. ಔಷಧಿ ಅಂಗಡಿಯಲ್ಲಿ ಸಿಗುವ ಶೇಕಡಾ 70ರ ಸ್ಪಿರಿಟ್ಟಿನಲ್ಲಿ ಹತ್ತಿಯನ್ನು ಅದ್ದಿ ತಿಗಣೆಗೆ ತಾಗಿಸಿದರೆ ಮೇಣದ ಕವಚ ಕರಗಿ ಅದು ಸಾಯುತ್ತದೆ. ಸ್ಪಿರಿಟ್ಟು ಕೆಲವು ಗಿಡಗಳ ಎಲೆಯನ್ನು ಸುಡುವುದರಿಂದ ಮೊದಲು ಒಂದೇ ಎಲೆಯ ಮೇಲೆ ಹಚ್ಚಿ, ಒಂದೆರಡು ದಿನ ಕಾದು ನೋಡಿ ಮುಂದುವರಿಯಬೇಕು. ಇದು ಬೆಂಕಿಗೆ ತಟ್ಟನೆ ಹತ್ತಿಕೊಳ್ಳುವ ವಸ್ತು. ದೇವರ ದೀಪ, ಊದಿನಕಡ್ಡಿ, ಒಲೆಗಳಿಂದ ದೂರದಲ್ಲಿ, ಗಾಳಿಯಾಡುವ ಕಡೆ ಈ ಕೆಲಸ ನಡೆಯಲಿ. ಮಕ್ಕಳ ಕೈಗೆ ಶೀಸೆ ಸಿಗದಿರಲಿ.

ನಾಲ್ಕನೆಯದು ಸಾಬೂನಿನ ನೀರು. ಬಟ್ಟೆ ಒಗೆಯುವ ಸಾದಾ ಬಾರ್ ಸೋಪನ್ನು ತುರಿದು 5 ಗ್ರಾಂನಷ್ಟನ್ನು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ, ಒಂದು ಲೀಟರಿಗೆ ನೀರು ಬೆರೆಸಿ ಆರಿಸಿರಿ. ಡಿಟರ್ಜೆಂಟ್ ಪುಡಿ ಎಲೆಗೆ ಒರಟಾಗುವುದರಿಂದ ಅದನ್ನು ಬಳಸುವುದು ಬೇಡ. ಸಾಬೂನಿನ ಗುಣವಿರುವುದು ಕೀಟದ ಮೈಗೆ ನೇರವಾಗಿ ತಾಗಿದಾಗ ಮಾತ್ರ. ಒಣಗಿದ ಮೇಲೆ ಅದರ ಶಕ್ತಿ ಉಳಿಯುವುದಿಲ್ಲ. ಆದುದರಿಂದ ಎಲೆಯ ತಳವೂ ಸಂದಿಯೂ ಚೆನ್ನಾಗಿ ತೋಯುವಂತೆ ಸಿಂಪಡಿಸಬೇಕು.

ಐದನೆಯದು ಬೇವಿನ ಎಣ್ಣೆ. ಲೀಟರ್ ನೀರಿಗೆ 5 ಮಿಲಿಲೀಟರ್ ಎಣ್ಣೆ ಸಾಕು. ಎಣ್ಣೆ ನೀರಿನಲ್ಲಿ ಬೆರೆಯದಾದ್ದರಿಂದ ಮೊದಲು ಅದನ್ನು ಮೇಲೆ ಹೇಳಿದ ಸಾಬೂನಿನ ನೀರಿನಲ್ಲಿ ಸ್ವಲ್ಪ ತೆಗೆದುಕೊಂಡು ಹಾಲಿನಂತಾಗುವವರೆಗೆ ಕದಡಿ, ಬಳಿಕ ಉಳಿದ ಸಾಬೂನಿನ ನೀರನ್ನು ಸೇರಿಸಬೇಕು. ಅಂದು ಕದಡಿದ್ದನ್ನು ಅಂದೇ ಮುಗಿಸಬೇಕು. ಸಿಂಪಡಣೆಗೆ ಸಂಜೆಯ ಹೊತ್ತು ಪ್ರಶಸ್ತ; ಬಿಸಿಲಿನಲ್ಲಿ ಎಣ್ಣೆ ಹಚ್ಚಿದ ಎಲೆ ಸುಟ್ಟುಹೋಗುತ್ತದೆ. ಬಾಡಿದ ಗಿಡಕ್ಕೆ ಮೊದಲು ನೀರುಣಿಸಿ ಚೇತರಿಸಿಕೊಂಡ ಮೇಲೆ ಸಿಂಪಡಿಸುವುದು ಲೇಸು. ಕರಿಬೇವು, ದೊಡ್ಡಪತ್ರೆಗಳಿಗೆ ಸಿಂಪಡಿಸಿದ್ದರೆ ಕೆಲವು ದಿನ ಬಿಟ್ಟು, ಚೆನ್ನಾಗಿ ತೊಳೆದು ಬಳಸಬೇಕು.

ಈ ಕ್ರಮವನ್ನು 7 ದಿನಗಳಿಗೊಮ್ಮೆ ಕನಿಷ್ಠ 4 ಬಾರಿ ನಡೆಸಿರಿ. ಮೊದಲ ವಾರ ತಪ್ಪಿಸಿಕೊಂಡ ಮೊಟ್ಟೆಗಳು ಒಡೆದು ಬಂದ ಮರಿಗಳು ಎರಡನೆಯ ವಾರ ಸಿಕ್ಕಿಬೀಳುತ್ತವೆ. ಆಗಲೂ ಉಳಿದವು ಮೂರನೆಯ, ನಾಲ್ಕನೆಯ ವಾರ. ಎರಡನೆಯ ವಾರ ಗಿಡ ಶುಭ್ರವಾಗಿ ಕಂಡಿತೆಂದು ಕೈಬಿಟ್ಟವರೇ ಹೆಚ್ಚಾಗಿ ಸೋಲುತ್ತಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ನಾಲ್ಕು ದಿನಗಳನ್ನು ಗುರುತು ಹಾಕಿಡುವುದು ಒಳ್ಳೆಯ ಉಪಾಯ.

ಬೇರಿಗೆ ಬಿದ್ದ ತಿಗಣೆಗೆ ಮೇಲಿನ ಸಿಂಪಡಣೆ ಮುಟ್ಟದು. ಗಿಡವನ್ನು ಕಿತ್ತು ಬೇರಿನ ಮಣ್ಣನ್ನೆಲ್ಲ ನೀರಿನಲ್ಲಿ ತೊಳೆದು, ಕೆಟ್ಟ ಬೇರನ್ನು ಕತ್ತರಿಸಿ, ಬಿಸಿನೀರು ಸಾಬೂನುಗಳಿಂದ ಉಜ್ಜಿದ ಕುಂಡದಲ್ಲಿ ಹೊಸ ಮಣ್ಣು ತುಂಬಿ ನೆಡಬೇಕು. ಹಳೆಯ ಮಣ್ಣನ್ನು ಬೇರೆ ಕುಂಡಕ್ಕೆ ಹಾಕಬಾರದು.

ಇರುವೆಗೆ ನಮ್ಮ ಅಜ್ಜಿಯಂದಿರ ಉಪಾಯವೇ ಸಾಕು. ತುಪ್ಪದ ಪಾತ್ರೆಯನ್ನು ನೀರಿನ ತಟ್ಟೆಯ ನಡುವೆ ಇಡುತ್ತಿದ್ದಂತೆ, ನೀರು ತುಂಬಿದ ಅಗಲವಾದ ತಟ್ಟೆಯಲ್ಲಿ ಇಟ್ಟಿಗೆಯ ಮೇಲೆ ಕುಂಡವನ್ನಿರಿಸಿರಿ. ಕುಂಡದ ತಳ ನೀರಿಗೆ ತಾಗದಿರಲಿ. ಸೊಳ್ಳೆ ಹುಟ್ಟದಂತೆ ಎರಡು ದಿನಗಳಿಗೊಮ್ಮೆ ನೀರನ್ನು ಚೆಲ್ಲಿ ತಟ್ಟೆಯನ್ನು ಉಜ್ಜಿ ತುಂಬಿಸಿರಿ. ಗೋಡೆಗೆ ತಾಗಿದ ರೆಂಬೆಯೂ ಇರುವೆಗೆ ಸೇತುವೆಯಾಗುವುದರಿಂದ ಅದನ್ನು ಸವರಬೇಕು.

ಪ್ರಕೃತಿಯ ನೆರವು

ಹಿಟ್ಟು ತಿಗಣೆಗೆ ಪ್ರಕೃತಿಯಲ್ಲಿ ಶತ್ರುಗಳಿದ್ದಾರೆ. ಆಸ್ಟ್ರೇಲಿಯಾ ಮೂಲದ ಒಂದು ಜಾತಿಯ ಗುಲಗಂಜಿ ಹುಳುವನ್ನು ಕಾಫಿ ಗಿಡದ ಹಸಿರು ಶಲ್ಕ ಕೀಟದ ವಿರುದ್ಧ ಬಳಸಲು 1898ರಲ್ಲಿ ಭಾರತಕ್ಕೆ ತರಲಾಯಿತು. ಆ ಉದ್ದೇಶ ಕೈಗೂಡದಿದ್ದರೂ ಹುಳು ದಕ್ಷಿಣ ಭಾರತದಲ್ಲಿ ನೆಲೆಯೂರಿ ಹಿಟ್ಟು ತಿಗಣೆಗಳ ದೊಡ್ಡ ವೈರಿಯಾಯಿತು. ಕಪ್ಪು ಬೆನ್ನಿನ, ಕಿತ್ತಳೆ ಬಣ್ಣದ ತಲೆಯ ಈ ಸಣ್ಣ ದುಂಬಿ ಹಿತ್ತಲಿನ ದಾಸವಾಳದ ಮೇಲೆಯೂ ಕಾಣಸಿಗಬಹುದು. ಇಲ್ಲಿ ಒಂದು ಎಚ್ಚರ ಅಗತ್ಯ. ಈ ಹುಳುವಿನ ಮರಿಯ ಮೈಯೂ ಬಿಳಿಯ ಮೇಣದ ಎಳೆಗಳಿಂದ ತುಂಬಿ ದೊಡ್ಡ ಹಿಟ್ಟು ತಿಗಣೆಯಂತೆಯೇ ತೋರುತ್ತದೆ. ಎಳೆಗಳು ಉದ್ದವಾಗಿ ಕೆದರಿಕೊಂಡಿದ್ದು, ಮುಟ್ಟಿದೊಡನೆ ಚುರುಕಾಗಿ ಹರಿದುಹೋದರೆ ಅದು ನಮ್ಮ ಮಿತ್ರ, ಅದನ್ನು ಕೊಲ್ಲಬಾರದು.

ವಿಷದ ಮಿತಿಯನ್ನು ತೋರಿಸುವ ಇನ್ನೊಂದು ನಿದರ್ಶನ ಪಪ್ಪಾಯಿಯ ಹಿಟ್ಟು ತಿಗಣೆಯದು. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ ಮೂಲದ ಈ ಕೀಟ 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಪತ್ತೆಯಾಗಿ, ಕರ್ನಾಟಕವೂ ಸೇರಿ ಹಲವು ರಾಜ್ಯಗಳಿಗೆ ಹಬ್ಬಿತು. ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸುಗಳಲ್ಲದೆ ದಾಸವಾಳದಂತಹ ಅಂಗಳದ ಗಿಡಗಳನ್ನೂ ಬಾಧಿಸಿತು. ರೈತರು ಮತ್ತೆ ಮತ್ತೆ ಔಷಧಿ ಸಿಂಪಡಿಸಿದರೂ ಅದು ಹತೋಟಿಗೆ ಬರಲಿಲ್ಲ. ಕೊನೆಗೆ 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೀಟ ಸಂಸ್ಥೆಯ ಮೂಲಕ, ಈ ತಿಗಣೆಯ ಮೈಯೊಳಗೆ ಮೊಟ್ಟೆಯಿಡುವ ಅತಿ ಸಣ್ಣ ಕಣಜಗಳನ್ನು ಪೋರ್ಟೊ ರಿಕೊದಿಂದ ತರಿಸಿ ಬಿಡಲಾಯಿತು. ಅವು ಮನುಷ್ಯರಿಗೂ ಗಿಡಕ್ಕೂ ನಿರುಪದ್ರವಿಗಳು. ಬಿಟ್ಟ ಕಡೆಗಳಲ್ಲಿ ಕೆಲವು ತಿಂಗಳುಗಳಲ್ಲಿಯೇ ತಿಗಣೆ ಇಳಿಮುಖವಾಯಿತು. ವಿಷ ಸಿಂಪಡಿಸಿದಾಗ ಮೊದಲು ಸಾಯುವುದು ಇಂತಹ ಮಿತ್ರಕೀಟಗಳು. ಮೇಣದ ಕವಚದೊಳಗಿನ ತಿಗಣೆ ಉಳಿದುಕೊಂಡು ಅಡ್ಡಿಯಿಲ್ಲದೆ ಬೆಳೆಯುತ್ತದೆ. ಹೊಲಕ್ಕೆ ಸಲ್ಲುವ ಈ ಮಾತು ಅಂಗಳಕ್ಕೂ ಸಲ್ಲುತ್ತದೆ.

ಬರದಂತೆ ತಡೆಯುವ ಕ್ರಮ

ಹಿಟ್ಟು ತಿಗಣೆ ಹೆಚ್ಚಾಗಿ ಹೊಸ ಗಿಡದೊಡನೆ ಮನೆ ಸೇರುತ್ತದೆ. ನರ್ಸರಿಯಿಂದ ಕೊಂಡದ್ದಿರಲಿ, ಬೀಗರು ಪ್ರೀತಿಯಿಂದ ಕೊಟ್ಟ ಕೊಂಬೆಯಿರಲಿ, ಮೂರು ವಾರ ಬೇರೆಯಿಟ್ಟು ನೋಡಿ ಉಳಿದ ಗಿಡಗಳೊಡನೆ ಸೇರಿಸಿರಿ. ಯೂರಿಯಾದಂತಹ ಗೊಬ್ಬರವನ್ನು ಅತಿಯಾಗಿ ಹಾಕಿದರೆ ಚಿಗುರು ಮೆತ್ತಗೆ ರಸಭರಿತವಾಗಿ ಬೆಳೆದು ತಿಗಣೆಗೆ ಔತಣವಾಗುತ್ತದೆ. ಮಿತವಾಗಿ ಕೊಟ್ಟ ಎರೆಗೊಬ್ಬರ ಸಾಕು. ಒಳಗಿನ ಗಿಡಗಳ ಎಲೆಯನ್ನು ಒದ್ದೆ ಬಟ್ಟೆಯಿಂದ ವಾರಕ್ಕೊಮ್ಮೆ ಒರೆಸಿದರೆ ಧೂಳೂ ಹೋಗುತ್ತದೆ, ತಿಗಣೆ ಒಂದೆರಡಿರುವಾಗಲೇ ಕಣ್ಣಿಗೆ ಬೀಳುತ್ತದೆ. ಈ ಕಾಯಕವನ್ನು ಮನೆಯ ಮಕ್ಕಳಿಗೆ ವಹಿಸುವುದು ಉಚಿತ. ಎಲೆಯ ಅಡಿಯಲ್ಲಿ ಏನಿದೆಯೆಂದು ನೋಡುವ ಮಗು ಶಾಲೆಯ ಪುಸ್ತಕದಲ್ಲಿಲ್ಲದ ಎಷ್ಟೋ ಸಂಗತಿಗಳನ್ನು ಅಲ್ಲಿ ಕಲಿಯುತ್ತದೆ. ಸ್ಪಿರಿಟ್ಟು, ಎಣ್ಣೆಗಳ ಕೆಲಸ ಮಾತ್ರ ಹಿರಿಯರದಾಗಿರಲಿ.

ಇಷ್ಟೆಲ್ಲ ಮಾಡಿದ ಮೇಲೆಯೂ ಗಿಡ ಚೇತರಿಸಿಕೊಳ್ಳದಿದ್ದರೆ ಅದರ ಮೇಲಿನ ಮೋಹವನ್ನು ಬಿಡುವುದೇ ಉಳಿದ ಗಿಡಗಳಿಗೆ ಹಿತ. ಆರೋಗ್ಯವಾಗಿರುವ ಒಂದು ತುದಿಯನ್ನು ತೊಳೆದು ಬೇರೆ ಕುಂಡದಲ್ಲಿ ಊರಿ, ತಾಯಿಗಿಡವನ್ನು ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡಿರಿ. ಕ್ರೋಟನ್, ಮನಿ ಪ್ಲಾಂಟ್, ದಾಸವಾಳ ಇವೆಲ್ಲ ಕಡ್ಡಿಯಿಂದಲೇ ಬದುಕುವ ಗಿಡಗಳು. ಹೋದ ಗಿಡದ ಜಾಗದಲ್ಲಿ ಇನ್ನೊಂದು ಚಿಗುರುವುದು ಕೆಲವೇ ವಾರಗಳ ಮಾತು. ಆದರೆ ಗಿಡವನ್ನುಳಿಸುವ ಹಟದಲ್ಲಿ ಮನೆಯೊಳಗೆ ತಂದಿಟ್ಟ ವಿಷದ ಬಾಟಲಿ ಮಾಡುವ ಹಾನಿಗೆ ಮರುಚಿಗುರು ಇಲ್ಲ. ಇಂದೇ ಒಮ್ಮೆ ಬಾಲ್ಕನಿಯ ಮೂಲೆ, ಅಟ್ಟ, ಬಚ್ಚಲಿನ ಗೂಡುಗಳನ್ನು ನೋಡಿ, ಅಂತಹ ಬಾಟಲಿಯೇನಾದರೂ ಉಳಿದಿದ್ದರೆ ಅದನ್ನು ಬಚ್ಚಲಿಗೋ ಚರಂಡಿಗೋ ಸುರಿಯದೆ, ಮಕ್ಕಳಿಗೆ ಎಟುಕದಂತೆ ಹೆಸರು ಬರೆದು ಬೀಗದೊಳಗಿರಿಸಿ, ಅಪಾಯಕರ ತ್ಯಾಜ್ಯವೆಂದು ನಗರಸಭೆಯವರಿಗೆ ತಿಳಿಸಿ ಒಪ್ಪಿಸಬೇಕೆಂದು ಓದುಗ ಬಂಧುಗಳಲ್ಲಿ ನಮ್ಮ ವಿನಂತಿ.